ಗರಗಸಕ್ಕೊಂದು ಟೊಪ್ಪಿ

9-2-81, ಸೋಮವಾರ. ಬೆಳಿಗ್ಗೆ ಏಳು

ಇವರ ಅಂಗಿಗೆ ಗುಂಡಿ ಹಾಕಿಕೊಟ್ಟೆ. ದಿನಾ ಅದೇ ತಕರಾರು — "ಬಿಡು ಪಂಕಜ, ನಾನೇ ಹಾಕಿಕೊಳ್ತೇನೆ." ಹಾಕಿಕೊಳ್ಳಿ ಮಾರಾಯ್ರೆ! ಎಡಗೈಯಲ್ಲಿ ಉಳಿದದ್ದು ಹೆಬ್ಬೆರಳು ಮತ್ತು ಕಿರುಬೆರಳು. ಒಂದು ಗುಂಡಿಗೆ ಒಂದು ಚಾ ಕುಡಿದು ಮುಗಿಸುವಷ್ಟು ಹೊತ್ತು. ಕೊನೆಗೆ ನಾನೇ ಹಾಕಿದೆ.

ನವೆಂಬರಿನಿಂದ ಹೀಗೆ. ಅವತ್ತಿನದ್ದನ್ನು ಈ ಪುಸ್ತಕದಲ್ಲಿ ಬರೆದೇ ಇಲ್ಲ. ಇವತ್ತು ಬರೆದುಬಿಡುತ್ತೇನೆ. ನಮ್ಮ ಮರಗೆಲಸದ ವರ್ಕ್‌ಶಾಪಿನಲ್ಲಿ — ನಮ್ಮದು ಅಂದರೆ ಇವರದ್ದು ಮತ್ತು ಇವರ ಅಣ್ಣ ತ್ಯಾಂಪಣ್ಣ ಭಾವನದ್ದು — ಕರೆಂಟು ಹೋದರೆ ಗರಗಸದ ಸ್ವಿಚ್ ಯಾರೂ ಆಫ್ ಮಾಡುವುದಿಲ್ಲ. ಮರೆತು ಅಲ್ಲ, ಬೇಕೆಂದೇ. ಎಲ್ಲರೂ ಎದುರಿನ ಹೋಟೆಲಿಗೆ ಚಾಕ್ಕೆ ಹೋಗುತ್ತಾರೆ. ಕರೆಂಟು ಬಂದದ್ದು ಗೊತ್ತಾಗುವುದು ಹೇಗೆ? ಗರಗಸ ತಾನಾಗಿ ತಿರುಗುತ್ತದೆ, ಗುಂಯ್ ಎನ್ನುತ್ತದೆ, ಎಲ್ಲರೂ ಎದ್ದು ಬರುತ್ತಾರೆ. ಮಾವನ ಕಾಲದಿಂದ ಅದೇ ಗಂಟೆ. ಅವತ್ತು ಇವರೊಬ್ಬರು ಚಾಕ್ಕೆ ಹೋಗಲಿಲ್ಲ. ಬ್ಲೇಡಿನಲ್ಲಿ ಹಲಸಿನ ಹಲಗೆ ಸಿಕ್ಕಿಕೊಂಡಿತ್ತು. ಅಷ್ಟರಲ್ಲಿ ಬಿಡಿಸಿಡುವಾ ಅಂತ ಕೈ ಹಾಕಿದರು. ಗಂಟೆ ಹೊಡೆಯಿತು.

ಮೂರು ಬೆರಳು.

ಭಾವ ಏನು ಹೇಳುತ್ತಾರೆ ಗೊತ್ತೇ? "ಆಯುಧಪೂಜೆಗೆ ಈ ಸಲ ದೇವದಾಸ ಮೆಶಿನಿಗೆ ಕೋಳಿ ಕೊಡ್ಲಿಲ್ಲ. ಅದಕ್ಕೆ." ಕೋಳಿಯಲ್ಲಿ ಮುಗಿಯುವುದಾದರೆ ನಾನು ಹತ್ತು ಕೋಳಿ ತರುತ್ತಿದ್ದೆ. ಭಾವನ ತೋರುಬೆರಳ ತುದಿಯೂ ಇಲ್ಲ. ಮಾವನಿಗೆ ಎರಡು ಇರಲಿಲ್ಲ. ಇವರಿಗೆಲ್ಲ ಅದೊಂದು ಲೆಕ್ಕವೇ ಅಲ್ಲ.

ಈಗ ಇವರು ಬಿಸು ಹಬ್ಬದಿಂದ ಮತ್ತೆ ಗರಗಸಕ್ಕೆ ನಿಲ್ಲುತ್ತಾರಂತೆ. ನಿನ್ನೆ ಹೇಳಿದರು. "ಬಲಗೈ ಉಂಟಲ್ಲ." ಉಂಟು. ಅದೊಂದೇ ಇರುವುದು. ಅದನ್ನು ಆ ಮೆಶಿನಿಗೆ ನಾನು ಕೊಡುವುದಿಲ್ಲ. ಬಿಸುವಿಗೆ ಇನ್ನೂ ಎರಡು ತಿಂಗಳು ಇದೆ.

11-2-81

ವರ್ಕ್‌ಶಾಪಿಗೆ ಹೋದೆ. ಗುಡಿಸಲು ಅಂತ ಹೇಳಿಕೊಂಡು ಹೋದದ್ದು. ಗುಡಿಸುವವಳನ್ನು ಯಾರೂ ಕೇಳುವುದಿಲ್ಲ.

ಭಾವ ಊಟಕ್ಕೆ ಹೋದ ಮೇಲೆ ಮೆಶಿನಿನ ಎದುರು ಕೂತೆ. ಮೂರು ತಿಂಗಳಿಂದ ಅದರ ಮುಖ ನೋಡಿರಲಿಲ್ಲ. ಕಬ್ಬಿಣದ ಮೇಜು, ನಡುವಿನಿಂದ ಅರ್ಧ ಮೇಲೆದ್ದ ಉರುಟು ಬ್ಲೇಡು. ಕೆಟ್ಟ ಕೋಪ ಬಂತು. ಸೀಮೆಎಣ್ಣೆ ಬಟ್ಟೆ ಹಿಡಿದು ತಿಕ್ಕಿದೆ, ತಿಕ್ಕಿದೆ. ಬ್ಲೇಡಿನ ಹಿಂದೆ ಹಲಸಿನ ಮೇಣ ಕಪ್ಪಗೆ ಗಟ್ಟಿಯಾಗಿ ಕೂತಿತ್ತು. ಕತ್ತಿಯ ತುದಿಯಿಂದ ಎಬ್ಬಿಸಿದೆ.

ಅಡಿಯಲ್ಲಿ ಎರಡು ತೂತು. ಬೋಲ್ಟಿನ ತೂತು, ಒಳಗೆ ತಿರುಪಿನ ಸುತ್ತು ಕೂಡ ಇದೆ. ಬೋಲ್ಟು ಇಲ್ಲ.

ಸುಮ್ಮನೆ ಯಾರಾದರೂ ತೂತು ಕೊರೆಯುತ್ತಾರಾ? ಅಲ್ಲಿ ಏನೋ ಇತ್ತು. ಯಾರೋ ತೆಗೆದು ಬಿಸಾಡಿದ್ದಾರೆ.

14-2-81, ಶನಿವಾರ

ವೆಲ್ಡಿಂಗಿನ ಪೋಕರ್ ಬಂದು ನೋಡಿದರು. ಬೊಳುವಾರಿನಲ್ಲಿ ಅಂಗಡಿ, ಇವರ ಜೊತೆ ಶಾಲೆಗೆ ಹೋದವರು. ತೂತಿಗೆ ಬೆರಳು ಹಾಕಿ ನಕ್ಕರು.

"ಅಕ್ಕ, ಇದು ಮೆಶಿನ್ ಮಾಡಿದವನೇ ಇಟ್ಟ ಜಾಗ. ಕೇರಳದ ಕಲ್ಲಾಯಿಯ ಮರದ ಮಿಲ್ಲಿನಲ್ಲಿ ನಾನು ನೋಡಿದ್ದೇನೆ. ಬ್ಲೇಡಿನ ಬೆನ್ನಿಗೆ ಒಂದು ಕತ್ತಿ ನಿಲ್ಲಿಸ್ತಾರೆ. ಹಲ್ಲಿಲ್ಲದ ಕತ್ತಿ."

"ಅದು ಎಂತಕ್ಕೆ?"

"ಹಲಸು ಕೊಯ್ಯುವಾಗ ನೋಡಿದ್ದೀರಲ್ಲ, ಸೀಳು ಹಿಂದಿನಿಂದ ಮುಚ್ಚಿಕೊಂಡು ಬರ್ತದೆ. ಬ್ಲೇಡನ್ನು ಹಿಚುಕ್ತದೆ. ಬ್ಲೇಡಿನ ಹಿಂಬದಿಯ ಹಲ್ಲು ಕೆಳಗಿಂದ ಮೇಲೆ ಬರುವ ಹಲ್ಲು, ಅದು ಹಲಗೆಯನ್ನು ಎತ್ತಿ ನಮ್ಮ ಮೇಲೆ ಎಸೀತದೆ. ಈ ಕತ್ತಿ ಸೀಳಿನ ಒಳಗೆ ನಿಂತ್ರೆ ಅದು ಮುಚ್ಚುದಿಲ್ಲ. ಆಯ್ತಲ್ಲ."

ಆಯ್ತಲ್ಲ! ಇಷ್ಟೇ ಸಂಗತಿ! ಅವತ್ತು ಹಲಗೆ ಸಿಕ್ಕಿಕೊಳ್ಳುವುದೇ ಬೇಡವಿತ್ತು. ಎರಡು ಬೋಲ್ಟು, ಒಂದು ತಗಡು. ಕೂತು ಅತ್ತೆ. ಪೋಕರ್ ಪಾಪ, ಅತ್ತ ತಿರುಗಿ ಬೀಡಿ ಹಚ್ಚಿದರು.

ಆಮೇಲೆ ಹೇಳಿದರು, ಆ ಕತ್ತಿಯ ತಲೆಗೆ ಒಂದು ಮುಚ್ಚಳವನ್ನೂ ಕೂರಿಸಬಹುದಂತೆ. ಬ್ಲೇಡಿನ ಮೇಲೆ ಟೊಪ್ಪಿಯ ಹಾಗೆ. ಮರ ಅದರ ಅಡಿಯಿಂದ ನುಗ್ಗುತ್ತದೆ, ಕೈ ನುಗ್ಗುವುದಿಲ್ಲ.

"ಮಾಡಿಕೊಡಿ" ಅಂದೆ. "ಭಾವನಿಗೆ ಹೇಳಬೇಡಿ."

19-2-81, ಗುರುವಾರ

ಕೂರಿಸಿದೆವು. ಹಳೆಯ ಗರಗಸದ ಪಟ್ಟಿಯಿಂದ ಕತ್ತಿ. ಬ್ಲೇಡಿನ ತಗಡಿಗಿಂತ ಚೂರು ದಪ್ಪ, ಹಲ್ಲು ಕೊರೆಯುವ ಸೀಳಿಗಿಂತ ಚೂರು ತೆಳು. ಪೋಕರ್ ಮೂರು ಸಲ ಅರದಿಂದ ಉಜ್ಜಿದರು. ಬ್ಲೇಡಿಗೂ ಕತ್ತಿಗೂ ನಡುವೆ ಕಿರುಬೆರಳಿನಷ್ಟು ಎಡೆ. ಟೊಪ್ಪಿ ಹಳೇ ಜೀಪಿನ ಮಡ್‌ಗಾರ್ಡಿನದ್ದು. ಹಸಿರು ಬಣ್ಣ ಇನ್ನೂ ಇತ್ತು.

ಭಾವ ಬಂದು ನಿಂತರು. ಸೊಂಟಕ್ಕೆ ಕೈ. "ಎಂತ ಇದು, ಮೆಶಿನಿಗೆ ಮದುವೆಯಾ? ಟೊಪ್ಪಿ ಇಟ್ಟದ್ದು?"

"ಹೌದು ಭಾವ. ನಿಮ್ಮನ್ನೂ ಕರೀತೇವೆ."

"ಬ್ಲೇಡ್ ಕಾಣದೆ ಕೊಯ್ಯುದು ಹೇಗೆ?"

"ಗೆರೆ ಕಾಣ್ತದಲ್ಲ? ಗೆರೆ ನೋಡಿ ಕೊಯ್ಯುದು."

"ಯಾರು ಕೊಯ್ಯುದು, ನೀನಾ?"

ಭಾವ ಅಷ್ಟು ಹೇಳಬಾರದಿತ್ತು. ಇವರ ಖಾಕಿ ಅಂಗಿಯನ್ನು ಸೀರೆಯ ಮೇಲೆ ಹಾಕಿಕೊಂಡೆ. ಸೆರಗು ಒಳಗೆ ಸಿಕ್ಕಿಸಿದೆ, ಬಳೆ ತೆಗೆದೆ, ತಲೆಗೆ ಬೈರಾಸು ಟವೆಲು ಕಟ್ಟಿದೆ. ಕಡಬದ ಚಾಕೋ ಎಂಬವರ ಮನೆಯ ಕಿಟಕಿಗೆ ಬಂದ ಹಲಸಿನ ಹಲಗೆ, ಎಲ್ಲದಕ್ಕಿಂತ ವಕ್ರದ್ದು. ಕೊನೆಯ ಗೇಣನ್ನು ಕೋಲಿನಿಂದ ದೂಡಿದೆ. ಸೀಳು ಮುಚ್ಚಿಕೊಳ್ಳಲು ಬಂತು, ಕತ್ತಿಯನ್ನು ಹಿಚುಕಿತು, ಅಷ್ಟೇ. ಹಲಗೆ ಬೆಣ್ಣೆಯ ಹಾಗೆ ಮುಂದೆ ಹೋಯಿತು.

ಹೋಟೆಲಿನಿಂದ ಅರ್ಧ ಪುತ್ತೂರು ಬಂದು ನೋಡಿತು. ನೋಡಲಿ.

ಇವರು ಮಾತ್ರ ಮನೆಯಲ್ಲಿ ಮುಖ ಕೊಡಲಿಲ್ಲ. "ನಾಳೆಯಿಂದ ನಾನು ಹೆಂಡತಿಯನ್ನು ದುಡಿಸಿ ತಿನ್ನುವವ ಅಂತ ಆಗ್ತದೆ."

"ಆಗ್ಲಿ" ಅಂದೆ. "ಎರಡು ಕೈಯಲ್ಲಿ ತಿನ್ನಿ."

ಅದನ್ನು ಹೇಳಬಾರದಿತ್ತು. ಇವರು ಎದ್ದು ಹೋದರು.

8-3-81, ಭಾನುವಾರ. ಅಜ್ಜಾವರ, ಅಪ್ಪನ ಮನೆ

ಕತ್ತಿ ಆಯಿತು, ಟೊಪ್ಪಿ ಆಯಿತು. ಕರೆಂಟು ಬಂದಾಗ ಹೊಡೆಯುವ ಆ ಗಂಟೆಗೆ ಏನು ಮಾಡುವುದು ಅಂತ ಹದಿನೈದು ದಿನದಿಂದ ತಲೆ ಕೆಡಿಸಿಕೊಂಡಿದ್ದೆ. ಉತ್ತರ ಅಪ್ಪನ ಪಂಪ್‌ಶೆಡ್ಡಿನಲ್ಲಿ ಸಿಕ್ಕಿತು.

ಬೆಳಿಗ್ಗೆ ಅಪ್ಪನ ಜೊತೆ ತೋಟಕ್ಕೆ ಹೋದವಳು ನೋಡಿದೆ — ಪಂಪಿನ ಸ್ಟಾರ್ಟರಿನ ಹಸಿರು ಬಟನ್ ಒಳಗೆ ಅದುಮಿ, ಅದಕ್ಕೆ ಅಡ್ಡವಾಗಿ ಅಡಿಕೆ ಮರದ ಒಂದು ಕಡ್ಡಿ ಸಿಕ್ಕಿಸಿದ್ದಾರೆ. ಚಿಕ್ಕಂದಿನಿಂದ ನೋಡಿದ ಕಡ್ಡಿಯೇ. ಇವತ್ತು ಮೊದಲ ಸಲ ಕೇಳಿದೆ.

"ಅಪ್ಪ, ಇದು ಎಂತಕ್ಕೆ?"

"ಕಡ್ಡಿ ಇಲ್ಲದಿದ್ರೆ ಕರೆಂಟು ಹೋಗಿ ಬಂದಾಗ ಇದು ಶುರು ಆಗುದಿಲ್ಲ ಮಗಾ. ಹಾಳಾದ್ದು, ಪ್ರತಿ ಸಲ ಬಂದು ಒತ್ಬೇಕು. ಇಲ್ಲಿ ಎಲ್ಲರೂ ಇಡುದು ಹೀಗೇ."

ಪ್ರತಿ ಸಲ ಬಂದು ಒತ್ತಬೇಕು! ತಾನಾಗಿ ಶುರುವಾಗುವುದಿಲ್ಲ! ಇಡೀ ತಾಲೂಕು ಯಾವುದನ್ನು ಶಾಪ ಹಾಕಿ ಕಡ್ಡಿ ಇಡುತ್ತದೋ ನನಗೆ ಬೇಕಾದ್ದು ಅದೇ. ಅಪ್ಪನ ಹೆಗಲು ಹಿಡಿದು ಕುಣಿದೆ. ಕಿಟ್ಟಣ್ಣನ ಮಗಳಿಗೆ ಏನಾಯಿತು ಅಂತ ಆಚೆ ತೋಟದವರು ನೋಡಿದರು.

ಕೆರೆಬದಿಯ ಪಂಪು ಸುಟ್ಟು ವರ್ಷವಾಯಿತು. ಅದರ ಸ್ಟಾರ್ಟರ್ ಗೋಡೆಯಲ್ಲಿ ಸುಮ್ಮನೆ ಇತ್ತು. ಅದೂ ಐದು ಎಚ್‌ಪಿ, ನಮ್ಮ ಮೋಟರೂ ಐದು. "ತಕೊಂಡು ಹೋಗು" ಅಂದರು. ತಮ್ಮ ಶಾಲಿನಲ್ಲೇ ಸುತ್ತಿ ಕೊಟ್ಟರು. ಸುಳ್ಯದ ಬಸ್ಸಿನವರೆಗೆ ತಾವೇ ಹೊತ್ತುಕೊಂಡು ಬರುತ್ತಾರಂತೆ.

12-3-81

ಪೋಕರ್ ವಯರಿಂಗ್ ಮಾಡಿದರು. ಹಳೇ ಸ್ವಿಚ್ ಈಗ ಬರೀ ಮೇನ್, ಅದರ ಕೆಳಗೆ ಸ್ಟಾರ್ಟರ್. ಪರೀಕ್ಷೆ ನೋಡಿದೆವು. ಹಸಿರು ಒತ್ತಿದೆ, ಗರಗಸ ತಿರುಗಿತು. ಮೇನ್ ತೆಗೆದೆ, ನಿಂತಿತು. ಮೇನ್ ಪುನಃ ಹಾಕಿದೆ. ಗರಗಸ ಅಲ್ಲಾಡಲಿಲ್ಲ. ಹತ್ತು ಸಲ ಮಾಡಿದೆ. ಹತ್ತು ಸಲವೂ ಸುಮ್ಮನೆ ನಿಂತಿತು.

ಭಾವ: "ಹಾಗಾದ್ರೆ ಕರೆಂಟು ಬಂದದ್ದು ಗೊತ್ತಾಗುದು ಹೇಗೆ? ಇಡೀ ದಿನ ಇಲ್ಲೇ ಕಾದು ಕೂರುದಾ?"

ಕೆಂಪು ಬಲ್ಬು ತಂದು ಹೋಟೆಲಿಗೆ ಕಾಣುವ ಹಾಗೆ ಬಾಗಿಲಿಗೆ ನೇತುಹಾಕಿದೆ. "ಅದು ಉರಿದ್ರೆ ಬನ್ನಿ. ಚಾ ಮುಗಿಸಿಯೇ ಬನ್ನಿ."

ಭಾವ ಬಲ್ಬನ್ನೇ ನೋಡುತ್ತಾ ಚಾಕ್ಕೆ ಹೋದರು.

24-3-81, ಮಂಗಳವಾರ

ಬೆಳಿಗ್ಗೆ ನಾನು ರೇಶನಿಗೆ ನಿಂತಿದ್ದ ಹೊತ್ತು ನೋಡಿ ಭಾವ ಟೊಪ್ಪಿ, ಕತ್ತಿ ಎರಡನ್ನೂ ಬಿಚ್ಚಿ ಮೂಲೆಗೆ ಎಸೆದರು. "ನನ್ನ ಅಪ್ಪ ಇಟ್ಟ ಮೆಶಿನ್. ಕಿಟ್ಟಣ್ಣನ ಮಗಳು ನನಗೆ ಕೆಲಸ ಕಲಿಸುದು ಬೇಡ."

ನಾನು ಬರುವಾಗ ಭಾವ ನೆಲದಲ್ಲಿ ಕೂತಿದ್ದರು. ಹೊಟ್ಟೆ ಹಿಡಿದುಕೊಂಡು, ಬಾಯಿ ತೆರೆದುಕೊಂಡು. ನಾಲ್ಕನೇ ಹಲಗೆ ಬ್ಲೇಡಿನ ಹಿಂದಿನಿಂದ ಎದ್ದು ಬಂದು ಹೊಟ್ಟೆಗೆ ಹೊಡೆದದ್ದು. ಹೊಟ್ಟೆಯಾದ್ದರಿಂದ ಆಯಿತು, ಇನ್ನು ಒಂದು ಗೇಣು ಮೇಲೆ ಬಂದಿದ್ದರೆ ದೇವರೇ ಗತಿ.

ನೀರು ಕೊಟ್ಟೆ. ಹೇಳಲು ಎಷ್ಟು ಇತ್ತು! ನಾಲಿಗೆ ಕಚ್ಚಿ ಹಿಡಿದೆ.

ಊಟದ ಮೇಲೆ ಹೋಗಿ ನೋಡುತ್ತೇನೆ, ಕತ್ತಿಯೂ ಟೊಪ್ಪಿಯೂ ಜಾಗದಲ್ಲಿ ಇವೆ. ಬೋಲ್ಟು ಕೂಡ ಬಿಗಿಯಾಗಿದೆ. ಯಾರು ಹಾಕಿದ್ದು ಅಂತ ಕೇಳಲಿಲ್ಲ. ಭಾವ ಮರದ ಹುಡಿ ಗುಡಿಸುತ್ತಿದ್ದರು.

14-4-81. ಬಿಸು

ಇವರು ಗರಗಸಕ್ಕೆ ನಿಂತರು. ತಡೆಯಲಿಲ್ಲ. ತಡೆಯುವುದಾದರೆ ಇಷ್ಟೆಲ್ಲ ಮಾಡುವುದು ಯಾಕೆ?

ಎಡಗೈಯ ಎರಡು ಬೆರಳಲ್ಲಿ ಕೋಲು ಹಿಡಿದು ದೂಡಿದರು, ಬಲಗೈಯಲ್ಲಿ ಹಲಗೆಯನ್ನು ಬದಿಗೆ ಒತ್ತಿದರು. ಮೊದಲ ಹಲಗೆ ಮುಗಿದಾಗ ನನ್ನನ್ನು ನೋಡಿದರು. ಐದು ತಿಂಗಳಲ್ಲಿ ಮೊದಲ ಸಲ ನೆಟ್ಟಗೆ ನೋಡಿದ್ದು.

"ಗುಂಡಿ ಹಾಕಿಕೊಡುದು ಮಾತ್ರ ನಿಲ್ಲಿಸಬೇಡ ಆಯ್ತಾ" ಅಂದರು.

ಮೂರ್ಖ ಗಂಡಸು. ಎಷ್ಟು ಖುಷಿಯಾಯಿತು.

29-4-81, ಬುಧವಾರ. ಮಧ್ಯಾಹ್ನ ಮೂರು

ಈಗಲೇ ಬರೆಯಬೇಕು. ಅಕ್ಷರ ಹೇಗೆ ಬಂದರೂ ಸರಿ.

ಬೆಳಿಗ್ಗೆ ಅಪ್ಪ ಬಂದರು. ಮುಳ್ಳುಸೌತೆ, ಹಪ್ಪಳ, ಒಂದು ಗೋಣಿ ಹೊತ್ತುಕೊಂಡು. ಮಗಳ ಮೆಶಿನ್ ನೋಡಬೇಕಂತೆ. ಸ್ಟಾರ್ಟರಿನ ಪಕ್ಕ ಸ್ಟೂಲು ಹಾಕಿ ಕೂರಿಸಿದೆ. ಕರೆಂಟು ಹೋಗುತ್ತಿತ್ತು, ಬರುತ್ತಿತ್ತು. ಮೂರು ಸಲ ನಾನು ಬಂದು ಹಸಿರು ಒತ್ತಿದೆ. ನಾಲ್ಕನೇ ಸಲ ಅಪ್ಪ, "ನೀನು ಅಲ್ಲೇ ಇರು ಮಗಾ, ನಾನು ಒತ್ತುತ್ತೇನೆ." ಒತ್ತಿದರು. ಕೆಲಸ ನಡೆಯಿತು.

ಹನ್ನೊಂದಕ್ಕೆ ಪುನಃ ಹೋಯಿತು. ಭಾವ ಚಾಕ್ಕೆ ಹೋದರು. ನಾನು ಅಪ್ಪನಿಗೆ ಮಜ್ಜಿಗೆ ತರಲು ಹಿಂದೆ ಹೋದೆ. ಇವರು ಮೇಜಿನ ಮೇಲಿನ ಹುಡಿ, ಚೂರು ಎಲ್ಲ ತೆಗೆಯುತ್ತಿದ್ದರು. ಬಲಗೈಯಲ್ಲಿ. ಮೇನ್ ನಾನು ತೆಗೆಯಬೇಕಿತ್ತು. ತೆಗೆಯಲಿಲ್ಲ. ಸ್ಟಾರ್ಟರ್ ಇದೆಯಲ್ಲ ಅನ್ನುವ ಧೈರ್ಯ.

ಗುಂಯ್ ಅಂದಿತು.

ಲೋಟ ಬಿತ್ತು. ಓಡಿ ಬಂದು ಕೆಂಪು ಬಟನ್ ಒತ್ತಿದೆ. ನಿಲ್ಲಲಿಲ್ಲ! ಪುನಃ ಒತ್ತಿದೆ, ಗುದ್ದಿದೆ — ನಿಲ್ಲಲಿಲ್ಲ. ಮೇನ್ ಎಳೆದೆ. ಆಮೇಲೆ ಕಂಡದ್ದು, ಹಸಿರು ಬಟನಿಗೆ ಅಡ್ಡ ಒಂದು ಕಡ್ಡಿ.

ಇವರು ನಿಂತೇ ಇದ್ದರು. ಬಲಗೈ ಟೊಪ್ಪಿಯ ಮೇಲೆ. ಸದ್ದಿಗೆ ಬೆಚ್ಚಿ ಮುಗ್ಗರಿಸಿದವರು ಕೈ ಊರಿದ್ದು ನೇರ ಬ್ಲೇಡಿನ ಕಡೆಗೇ. ಹಲ್ಲಿನ ಮೇಲೆ ಬೀಳಬೇಕಾದ ಅಂಗೈ ಜೀಪಿನ ತಗಡಿನ ಮೇಲೆ ಬಿತ್ತು. ಮಣಿಕಟ್ಟಿನ ಹತ್ತಿರ ಸ್ವಲ್ಪ ತರಚಿದೆ. ಅಷ್ಟೇ. ಐದು ಬೆರಳನ್ನೂ ಒಂದೊಂದಾಗಿ ಹಿಡಿದು ನೋಡಿದೆ. ಇವರು, "ಉಂಟು, ಉಂಟು, ಬಿಡು" ಅನ್ನುತ್ತಿದ್ದರು. ಬಿಡಲು ಆಗಲಿಲ್ಲ.

ಅಪ್ಪ ಎದ್ದು ನಿಂತಿದ್ದರು. ಇನ್ನೂ ಅರ್ಥವಾಗಿರಲಿಲ್ಲ ಅವರಿಗೆ. "ನಾನೇ ಇಟ್ಟದ್ದು ಮಗಾ. ಪಾಪ, ನೀನು ಎಷ್ಟು ಸಲ ಓಡುದು ಅಂತ..."

ಹೇಳಬಾರದ್ದೆಲ್ಲ ಹೇಳಿದೆ. ಎಲ್ಲರ ಎದುರು. ಕೊಲ್ಲಲು ಬಂದದ್ದಾ ಅಂತ ಕೇಳಿದೆ. ಎರಡು ಗಂಟೆಗೆ ಸುಳ್ಯದ ಬಸ್ಸು ಇದೆ, ಹೋಗಿ ಅಂದೆ. ಅಪ್ಪ ಕೈ ತೊಳೆದು, ಖಾಲಿ ಗೋಣಿ ಮಡಚಿ, ಹೋದರು. ಊಟ ಮಾಡಲಿಲ್ಲ.

ಇವರು ಹಿಂದಿನಿಂದ ಓಡಿದರು. ನಾನು ಹೋಗಲಿಲ್ಲ.

1-5-81, ಶುಕ್ರವಾರ

ಹೋಟೆಲಿನಲ್ಲಿ ಒಂದೇ ಮಾತು. "ಎಂತದ್ದೂ ಆಗ್ಲಿಲ್ಲ ಅಲ್ವಾ, ಮತ್ತೆ ಆ ಹೆಂಗಸು ಅಪ್ಪನನ್ನು ಹಾಗೆ ಬೈದದ್ದು ಯಾಕೆ?" ಭಾವ ಬಂದು ಹೇಳಿದರು. ಹೇಳಿ ನೆಲ ನೋಡಿದರು.

ಹೌದು. ಏನೂ ಆಗಲಿಲ್ಲ. ನವೆಂಬರಿನಲ್ಲಿ ಆದಾಗ ಊರೆಲ್ಲ ಬಂದು ನೋಡಿತು, ಬಾಳೆಹಣ್ಣು ತಂದರು, ಮಂಗಳೂರಿನ ಆಸ್ಪತ್ರೆಗೂ ಬಂದರು. ಆಗದೆ ಇದ್ದದ್ದನ್ನು ನೋಡಲು ಯಾರು ಬರುತ್ತಾರೆ? ಅದನ್ನು ತೋರಿಸುವುದಾದರೂ ಹೇಗೆ? ಆದರೆ ಅದು ಸುಮ್ಮನೆ ಆಗದೆ ಇದ್ದದ್ದಲ್ಲ. ನಾನೂ ಪೋಕರೂ ಸೇರಿ ಅದನ್ನು ಆಗದ ಹಾಗೆ ಮಾಡಿದ್ದು. ಅರದಿಂದ ಉಜ್ಜಿ ಉಜ್ಜಿ. ನಗುವವರು ನಗಲಿ, ಟೊಪ್ಪಿ ತೆಗೆಯುವುದಿಲ್ಲ.

ಸ್ಟಾರ್ಟರಿಗೆ ಪೆಟ್ಟಿಗೆ ಮಾಡಿ ಬೀಗ ಹಾಕುವಾ ಅಂದರು ಭಾವ. ಬೇಡ ಅಂದೆ. ಕೆಂಪು ಬಟನ್ ಎಲ್ಲರ ಕೈಗೂ ಸಿಗಬೇಕು. ಬೋರ್ಡು ಬರೆದು ಹಾಕುತ್ತೇನೆ, ಓದಲಿ. ಇನ್ನು ಮೇಲೆ ಕರೆಂಟು ಹೋದರೆ ಮೇನನ್ನೂ ತೆಗೆಯುವುದು. ಇದು ನನಗೆ ನಾನೇ ಹೇಳಿಕೊಂಡದ್ದು.

ಬರೆದು ನೋಡಿದೆ. "ಹಸಿರು ಬಟನಿಗೆ ಕಡ್ಡಿ ಇಟ್ಟವರ ಕೈ ಮುರಿಯಲಾಗುವುದು." ಇವರು ನಕ್ಕರು. ಆ ಸಾಲನ್ನು ಹೊಡೆದು ಹಾಕಿದೆ. "ಯಾರೂ ಕಡ್ಡಿ ಇಡಬಾರದು." ಸಪ್ಪೆ.

ಅಪ್ಪನಿಗೆ ಕಾಗದ ಬರೆಯಲು ಕೂತೆ. ಒಂದು ಸಾಲೂ ಬರಲಿಲ್ಲ.

4-5-81, ಸೋಮವಾರ. ಬೆಳಿಗ್ಗೆ ಹತ್ತು. ವರ್ಕ್‌ಶಾಪಿನಿಂದಲೇ

ಅಪ್ಪ ಬಂದಿದ್ದಾರೆ. ಮೊದಲ ಬಸ್ಸಿಗೆ. ಒಳಗೆ ಬರಲಿಲ್ಲ, ಹೊಸ್ತಿಲಿನ ಆಚೆ ನಿಂತರು. ಇವರು, "ಬನ್ನಿ ಮಾವ" ಅಂದರೂ ಬರಲಿಲ್ಲ. ನಾನು ಕರೆಯಲಿ ಅಂತ. ಕರೆದೆ. ಸರಿಯಾಗಿ ಕೇಳಿಸಲಿಲ್ಲವೋ ಏನೋ, ಎರಡನೇ ಸಲ ಕರೆದ ಮೇಲೆ ಬಂದರು.

ಮೊದಲು ಅಳಿಯನ ಬಲಗೈ ಹಿಡಿದು ನೋಡಿದರು. ಆಮೇಲೆ ನನ್ನ ಎದುರು ಇದ್ದ ಹಲಗೆ, ಪೈಂಟು, ಬ್ರಶ್ಶು.

"ಎಂತ ಬರೀತಿದ್ದಿ? ಓದಿ ಹೇಳು."

ಓದಿದೆ. ಯಾರೂ ಕಡ್ಡಿ ಇಡಬಾರದು.

ತಲೆ ಆಡಿಸಿದರು. "ಹಾಗೆ ಬರೆದ್ರೆ ಯಾರು ಕೇಳ್ತಾರೆ? ನಾನು ಇದ್ರೆ ನಾನೂ ಕೇಳ್ತಿರ್ಲಿಲ್ಲ. ಯಾರೋ ತಲೆ ಸರಿ ಇಲ್ಲದವ ಇಟ್ಟಿರ್ಬೇಕು, ನಾವು ಹಾಗೆ ಅಲ್ಲ ಅಂತ ಗ್ರಹಿಸ್ತಿದ್ದೆ. ನನ್ನ ಹೆಸರು ಹಾಕು."

"ಅಪ್ಪ, ಬೇಡ."

"ಅಜ್ಜಾವರದ ಕಿಟ್ಟಣ್ಣ ಇಟ್ಟ ಅಂತ ಬರೆ. ಮಗಳಿಗೆ ಉಪಕಾರ ಅಂತ ಇಟ್ಟ, ಅಳಿಯನ ಕೈ ಹೋಗುದರಲ್ಲಿ ಇತ್ತು ಅಂತ ಬರೆ. ಸುಳ್ಯ, ಕಡಬದಿಂದ ಬರುವವರೆಲ್ಲ ನನ್ನ ಗುರ್ತದವರು. ನನ್ನ ಹೆಸರು ಕಂಡ್ರೆ ನಿಂತು ಓದ್ತಾರೆ."

"ಜನ ಎಂತ ಹೇಳ್ತಾರೆ ಅಪ್ಪ! ನಾನು ಬರೆಯುದಿಲ್ಲ. ಅಷ್ಟೇ."

"ಹಠ ಮಾಡ್ಬೇಡ. ನಿನಗೆ ಆ ಹಠ ಎಲ್ಲಿಂದ ಬಂದದ್ದು ಅಂತ ಗ್ರಹಿಸಿದ್ದಿ?"

ಅಪ್ಪ ಸ್ಟೂಲಿನಲ್ಲಿ ಕೂತಿದ್ದಾರೆ. ಬರೆದು ಮುಗಿಯದೆ ಚಾ ಕೂಡ ಕುಡಿಯುವುದಿಲ್ಲವಂತೆ.

ಹಲಗೆಗೆ ಮೊದಲು ಇಲ್ಲಿ ಬರೆದು ನೋಡುತ್ತೇನೆ.

"ಅಜ್ಜಾವರದ ಕಿಟ್ಟಣ್ಣ ಎಂಬವರು 29-4-81ರಂದು ಈ ಹಸಿರು ಬಟನಿಗೆ ಕಡ್ಡಿ ಇಟ್ಟರು. ದೇವದಾಸ ಮೇಸ್ತ್ರಿಯ ಬಲಗೈ ಹೋಗುವುದರಲ್ಲಿತ್ತು. ಟೊಪ್ಪಿ ಇದ್ದುದರಿಂದ ಉಳಿಯಿತು. ಕೆಟ್ಟ ಮನಸ್ಸಿನಿಂದ ಇಟ್ಟದ್ದಲ್ಲ. ಅವರು ನನ್ನ ಅಪ್ಪ."